ಇಷ್ಟು ಸಣ್ಣ ವಯಸ್ಸಿಗೇ?

ವಿಜಯಪುರದ ಗಾಂಧಿ ಚೌಕದ ಗದ್ದಲ ದಾಟಿ ಸ್ವಲ್ಪ ಆಚೆ ಹೋದರೆ ಬಾರಾ ಕಮಾನ್ ಎದುರಾಗುತ್ತದೆ. ಮೇಲೆ ಚಾವಣಿ ಇಲ್ಲ, ಗುಮ್ಮಟ ಇಲ್ಲ. ಎತ್ತರದ ಕಟ್ಟೆಯ ಮೇಲೆ ಕಪ್ಪು ಕಲ್ಲಿನ ಕಮಾನುಗಳು ಬಯಲಿಗೆ ಬಾಯ್ದೆರೆದು ನಿಂತಿವೆ. ಎರಡನೆಯ ಅಲಿ ಆದಿಲ್ ಶಾಹ್ ತನಗಾಗಿ ಕಟ್ಟಿಸಲು ಹಿಡಿದ ಗೋರಿ ಇದು. 1656ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ 18 ವರ್ಷ. 1672ರಲ್ಲಿ ತೀರಿಕೊಂಡಾಗ 34. ಲಕ್ವಾ ಹೊಡೆದು ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಈ ಕಟ್ಟಡ ಯಾಕೆ ಅರ್ಧಕ್ಕೇ ನಿಂತಿತು ಎಂದು ಪ್ರವಾಸಿಗರು ಕೇಳಿದರೆ ಊರಿನ ಮಂದಿ ಕತೆ ಹೇಳುತ್ತಾರೆ. ಪೂರ್ತಿಯಾಗಿದ್ದರೆ ಗೋಳಗುಮ್ಮಟವನ್ನೇ ಮೀರಿಸುತ್ತಿತ್ತು, ಇದರ ನೆರಳು ಅದರ ಮೇಲೆ ಬೀಳುತ್ತಿತ್ತು ಎಂಬಂಥ ಕತೆಗಳು. ಮೂವತ್ನಾಲ್ಕರ ಯುವಕನೊಬ್ಬನಿಗೆ ಅವನ ಮೈಯೇ ಕೈಕೊಟ್ಟಿತು ಎಂಬ ಸಂಗತಿ ಮಾತ್ರ ಆ ಕತೆಗಳಲ್ಲಿ ಬರುವುದು ಕಡಿಮೆ.

ಅವನ ತಂದೆ ಮುಹಮ್ಮದ್ ಆದಿಲ್ ಶಾಹ್ ಗೋಳಗುಮ್ಮಟದ ಕೆಳಗೆ ಮಲಗಿದ್ದಾನೆ. ಹುಟ್ಟಿದ್ದು 1613ರಲ್ಲಿ. 1646ರ ಹೊತ್ತಿಗೆ ಅವನೂ ದೊಡ್ಡ ಕಾಯಿಲೆಗೆ ಬಿದ್ದ. ಆಗ ಅವನಿಗೆ ಮೂವತ್ತಮೂರರ ಆಸುಪಾಸು. ಮುಂದಿನ ಹತ್ತು ವರ್ಷ ಪೂರ್ತಿ ಗುಣವಾಗದೇ ಬದುಕಿದ, ರಾಜ್ಯದ ಮೇಲಿನ ಹಿಡಿತ ಆ ವರ್ಷಗಳಲ್ಲೇ ಸಡಿಲವಾಯಿತು. ತಂದೆ ಮಗ ಇಬ್ಬರಿಗೂ ಮೂವತ್ತರ ದಶಕದಲ್ಲೇ ಮೈ ಕೆಟ್ಟಿತು. ಇಂದು ಅಲಿ ಯಾವುದಾದರೂ ದವಾಖಾನೆಯ ಕುರ್ಚಿಯಲ್ಲಿ ಕುಳಿತಿದ್ದರೆ ವೈದ್ಯರು ಮೊದಲಿಗೇ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು ಇದಾಗಿರುತ್ತಿತ್ತು: ತಂದೆಯವರಿಗೆ ಏನಾಗಿತ್ತು, ಎಷ್ಟನೇ ವಯಸ್ಸಿಗೆ?

ಈ ಒಂದು ಪ್ರಶ್ನೆಗೆ ನಮ್ಮ ಹುಡುಗರಲ್ಲಿ ಬಹಳಷ್ಟು ಮಂದಿಯ ಬಳಿ ಉತ್ತರವಿಲ್ಲ. ‘ಅಪ್ಪಾರಿಗೆ ಎದಿಯಾಗ ಗ್ಯಾಸ್ ಹೋಗಿತ್ರಿ’ ಎನ್ನುತ್ತಾರೆ. ‘ಕಾಕಾ ಮಲಗಿದಲ್ಲೇ ಹ್ವಾದ್ರು’ ಎನ್ನುತ್ತಾರೆ. ಯಾವ ಕಾಯಿಲೆ, ಯಾವ ವಯಸ್ಸು ಎಂದು ಮನೆಯಲ್ಲಿ ಯಾರೂ ಕೂಡ್ರಿಸಿ ಹೇಳಿರುವುದಿಲ್ಲ. ವೈದ್ಯಶಾಸ್ತ್ರಕ್ಕೆ ಅದು ಬಹಳ ಬೆಲೆಯುಳ್ಳ ಮಾಹಿತಿ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಆ ಮನೆಯ ಮಕ್ಕಳಿಗೆ ಅಪಾಯ ಹೆಚ್ಚು ಎಂದು ಲೆಕ್ಕ ಹಿಡಿಯುತ್ತಾರೆ.

ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತೆರಡರ ವಯಸ್ಸಿನಲ್ಲಿ ಮೈ ಮೊದಲ ಸಲ ತಕರಾರು ಎತ್ತಿದಾಗ ಆಗುವ ಗಾಬರಿಯ ಬಗ್ಗೆ ನಾನು ಬರೆಯಬೇಕೆಂದುಕೊಂಡದ್ದು ಇದೇ ಕಾರಣಕ್ಕೆ. ನಮ್ಮ ಕಡೆ ಇಂಥ ಸುದ್ದಿ ಕಿವಿಗೆ ಬಿದ್ದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಇಷ್ಟ ಸಣ್ಣ ವಯಸ್ಸಿನ್ಯಾಗ?’ ಕೇಳುವವರು ಮರುಕದಿಂದಲೇ ಕೇಳುತ್ತಾರೆ. ಕೇಳಿಸಿಕೊಳ್ಳುವ ಹುಡುಗನಿಗೆ, ಹುಡುಗಿಗೆ ಅದು ಆರೋಪದಂತೆ ನಾಟುತ್ತದೆ. ಏನೋ ತಪ್ಪು ಮಾಡಿದ್ದಕ್ಕೇ ಹೀಗಾಯಿತು ಎಂಬ ಭಾವ. ಅಲ್ಲಿಂದ ಮುಂದೆ ಮುಚ್ಚಿಡುವ ಕೆಲಸ ಶುರು. ಸಣ್ಣ ವಯಸ್ಸಿನಲ್ಲಿ ಬರುವ ಕಾಯಿಲೆಗಳಿಗಿಂತ ಈ ಮುಚ್ಚಿಡುವಿಕೆಯೇ ಹೆಚ್ಚು ಹಾನಿ ಮಾಡುತ್ತಿದೆ ಎಂದು ನನಗೆ ಅನ್ನಿಸಿದೆ.

ಮೊದಲು ಮುಚ್ಚುವುದು ಕೂದಲನ್ನು. ಚೌಕದ ಸುತ್ತಲಿನ ಯಾವ ಕಟಿಂಗ್ ಅಂಗಡಿಗೆ ಬೇಕಾದರೂ ಭಾನುವಾರ ಮುಂಜಾನೆ ಹೋಗಿ ನೋಡಿ. ಕಿವಿಯ ಮೇಲೆ ಕತ್ತರಿ ಆಡಿಸುತ್ತಾ ಅಂಗಡಿಯವರು ದನಿ ತಗ್ಗಿಸಿ ಕೇಳುತ್ತಾರೆ: ‘ಅಣ್ಣಾರ, ಇಲ್ಲಿ ನಾಕೈದ ಬೆಳ್ಳಗ ಆಗ್ಯಾವ್ರಿ. ಡೈ ಹಚ್ಚಲೇನ್ರಿ?’ ಕನ್ನಡಿಯಲ್ಲಿ ಕಾಣುವ ಮುಖ ಇಪ್ಪತ್ತಾರರದ್ದು. ಪಕ್ಕದ ಬಾಕಿನ ಮೇಲೆ ಸರದಿ ಕಾಯುವವರು ಕೇಳಿಸಿಕೊಂಡರೇನೋ ಎಂಬ ಅಳುಕಿನಲ್ಲೇ ಆತ ತಲೆಯಾಡಿಸುತ್ತಾನೆ.

ಏಷ್ಯಾದವರಲ್ಲಿ 25ರೊಳಗೆ ಬೆಳ್ಳಗಾದರೆ ಅದನ್ನು ಅಕಾಲಿಕ ನರೆ ಎನ್ನುತ್ತಾರೆ. ಹೆಚ್ಚಿನವರಲ್ಲಿ ಅದು ಅಪ್ಪನಿಂದಲೋ ಅಮ್ಮನಿಂದಲೋ ಬಂದ ಗುಣ, ಅದರಿಂದ ಯಾವ ಕೇಡೂ ಇಲ್ಲ. ಕೆಲವರಲ್ಲಿ ಮಾತ್ರ ಒಳಗಿನ ಕೊರತೆಯ ಸುಳಿವು: ಬಿ12 ಜೀವಸತ್ವ, ಕಬ್ಬಿಣ, ಥೈರಾಯ್ಡ್. ಸಿಗರೇಟು ಸೇದುವವರಲ್ಲಿ ನರೆ ಬೇಗ ಬರುತ್ತದೆ. 2021ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದೊಂದೇ ಕೂದಲನ್ನು ಉದ್ದಕ್ಕೂ ಪರೀಕ್ಷಿಸಿ, ಮಾನಸಿಕ ಒತ್ತಡ ಇಳಿದಾಗ ಕೆಲವು ಬಿಳಿ ಕೂದಲು ಮತ್ತೆ ಬಣ್ಣ ಪಡೆದದ್ದನ್ನು ತೋರಿಸಿದರು. ಎಲ್ಲ ಕೂದಲೂ ಹಾಗೆ ಮರಳುವುದಿಲ್ಲ. ಆದರೆ ಪರೀಕ್ಷೆಯ ಒತ್ತಡದಲ್ಲಿ ವರ್ಷಗಟ್ಟಲೆ ಬೇಯುವ ನಮ್ಮ ಹುಡುಗರಿಗೆ ಈ ಸಂಗತಿ ಗೊತ್ತಿರಲಿ. ಇನ್ನು ಡೈ ಹಚ್ಚಲೇಬೇಕೆಂದರೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾಯಬೇಕು. ಕಪ್ಪು ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕಕ್ಕೆ ಮುಖ, ಕಣ್ಣಿನ ರೆಪ್ಪೆ ಬಾತುಕೊಂಡು ಚರ್ಮದ ವೈದ್ಯರ ಬಳಿ ಓಡುವವರು ಕಡಿಮೆಯಿಲ್ಲ.

ಬಿ12ರ ಮಾತು ಬಂದದ್ದಕ್ಕೆ ಇಲ್ಲೇ ಒಂದು ಸಂಗತಿ ಹೇಳಿಬಿಡುತ್ತೇನೆ. ವಿಜಯಪುರ ಸೀಮೆಯಲ್ಲಿ ಶಾಕಾಹಾರಿ ಮನೆತನಗಳು ಬಹಳ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಪುಂಡಿಪಲ್ಲೆ ಒಳ್ಳೆಯ ಊಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿ12 ಕಾಳು, ಸೊಪ್ಪು, ಧಾನ್ಯಗಳಲ್ಲಿ ಇರುವುದಿಲ್ಲ. ಶಾಕಾಹಾರಿಗೆ ಅದು ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ. ಊರಿನಲ್ಲಿದ್ದಾಗ ಊಟದ ಜೊತೆ ಮೊಸರು ಇರುತ್ತಿದ್ದ ಹುಡುಗ ನಗರದ ಖೋಲಿಗೆ ಬಂದ ಮೇಲೆ ಎರಡು ಹೊತ್ತಿನ ಮೆಸ್ ಊಟ, ನಾಲ್ಕು ಚಾ, ಸಂಜೆಗೆ ಗಿರಮಿಟ್ಟು ಭಜಿಯಲ್ಲಿ ದಿನ ದೂಡುತ್ತಾನೆ. ಒಂದೆರಡು ವರ್ಷಕ್ಕೆ ಅಂಗಾಲು ಜುಮುಗುಟ್ಟುತ್ತದೆ, ಓದಿದ್ದು ನೆನಪಿಗೆ ನಿಲ್ಲುವುದಿಲ್ಲ, ಮೆಟ್ಟಿಲು ಹತ್ತಿದರೆ ದಣಿವು. ಮುದುಕರಿಗೆ ಆದಂತೆ ಆಗುತ್ತಿದೆ ಎಂದು ಹೆದರುತ್ತಾನೆ. ಒಂದು ರಕ್ತಪರೀಕ್ಷೆ, ಕೆಲವು ವಾರಗಳ ಗುಳಿಗೆ ಅಥವಾ ಇಂಜೆಕ್ಷನ್ನಿನಿಂದ ಸರಿಹೋಗುವ ತೊಂದರೆ ಇದು. ಬಹಳ ಕಾಲ ಬಿಟ್ಟರೆ ಮಾತ್ರ ನರಗಳಿಗೆ ಆದ ಹಾನಿ ಉಳಿದುಬಿಡುತ್ತದೆ. ಹೆಣ್ಣುಮಕ್ಕಳಲ್ಲಿ ಇದೇ ದಣಿವು, ಕೂದಲುದುರುವಿಕೆಯ ಹಿಂದೆ ಹಲವು ಸಲ ರಕ್ತಹೀನತೆ ಇರುತ್ತದೆ. 2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ.

ಕೂದಲಿನಷ್ಟು ಸುಲಭವಾಗಿ ಮುಚ್ಚಲಾಗದ್ದು ಕುತ್ತಿಗೆ. ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ ಇದು: ಮಗನ ಕತ್ತಿನ ಹಿಂಭಾಗ ಕಪ್ಪಾಗಿದೆ, ಮಡಿಕೆಗಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪವಾಗಿದೆ. ಬಿಸಿಲಿಗೆ ಹಾಗಾಗಿದೆ ಎಂದು ಅವ್ವ ತಿಳಿಯುತ್ತಾಳೆ. ‘ಮೈ ತಿಕ್ಕೊಳ್ಳುದಿಲ್ಲ ನೋಡ ಇಂವಾ’ ಎಂದು ಬೈಯುತ್ತಾಳೆ. ಕಡಲೆಹಿಟ್ಟು, ನಿಂಬೆಹಣ್ಣು, ಕಲ್ಲು ಎಲ್ಲವೂ ಆಗುತ್ತದೆ. ಕಪ್ಪು ಹೋಗುವುದಿಲ್ಲ, ಯಾಕೆಂದರೆ ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚಾಗಿ ಹರಿಯುತ್ತಿದೆ, ಮೈ ಅದರ ಮಾತು ಕೇಳುತ್ತಿಲ್ಲ ಎಂಬುದಕ್ಕೆ ಚರ್ಮ ಕೊಡುವ ಸೂಚನೆ. ಸಕ್ಕರೆ ಕಾಯಿಲೆ ಪತ್ತೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಗುರುತು ಕಾಣಿಸಿಕೊಳ್ಳಬಹುದು. ಹುಡುಗಿಯರಲ್ಲಿ ಮುಟ್ಟು ತಪ್ಪುವುದು, ಗದ್ದದ ಮೇಲೆ ಕೂದಲು ಮೂಡುವುದು ಇದರ ಜೊತೆಗಿದ್ದರೆ ಪಿಸಿಒಎಸ್ ಇರಬಹುದು. ಅದೂ ಅದೇ ಇನ್ಸುಲಿನ್ ತೊಡಕಿನ ಬಳಗದ್ದೇ.

‘ನಾ ಎಲ್ಲಿ ದಪ್ಪ ಅದೀನ್ರಿ? ನನಗ್ಯಾಕ ಸಕ್ರಿ ಬರ್ತದ?’ ಎಂದು ತೆಳ್ಳಗಿನ ಹುಡುಗರು ಕೇಳುತ್ತಾರೆ. ಈ ಪ್ರಶ್ನೆಗೆ ನಮ್ಮ ನೆರೆಯ ಪುಣೆಯ ವೈದ್ಯರೊಬ್ಬರು ಉತ್ತರ ಕೊಟ್ಟಿದ್ದಾರೆ. ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಅವರ ಸಹೋದ್ಯೋಗಿ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಒಂದು ಫೋಟೊ ಅಚ್ಚು ಹಾಕಿಸಿದರು. ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಯಂತ್ರದಲ್ಲಿ ಅಳೆದಾಗ ಯುಡ್ಕಿನ್ ಮೈಯಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ನಮ್ಮವರ ಮೈ ಹೊರಗೆ ತೆಳ್ಳಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯ ಒಳಭಾಗದಲ್ಲಿ ಕೊಬ್ಬು ಸೇರಿಸಿಟ್ಟುಕೊಂಡಿರುತ್ತದೆ. ಆದ್ದರಿಂದಲೇ ಭಾರತೀಯರಿಗೆ ಅಳತೆಗೋಲು ಬೇರೆ: ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಿದರೆ ಎಚ್ಚರ. ಗಾಂಧಿ ಚೌಕದ ಯಾವ ದರ್ಜಿಯ ಕೊರಳಲ್ಲಾದರೂ ಈ ಅಳತೆಗೆ ಬೇಕಾದ ಟೇಪು ನೇತಾಡುತ್ತಿರುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿರುವವರೇ ಹೆಚ್ಚು ಎಂಬುದು ನನಗೆ ಭರವಸೆಯ ಮಾತಾಗಿ ಕೇಳಿಸುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇರುವ ಇಪ್ಪತ್ತೇಳರ ಹುಡುಗ ತೂಕ ಇಳಿಸಿ, ದಿನಾ ನಡೆದು, ಚಾದ ಸಕ್ಕರೆ ಬಿಟ್ಟರೆ ಹಿಂದಕ್ಕೆ ಬರಬಲ್ಲ. ಆದರೆ ಆ ಅಂಕಿ ಅವನಿಗೆ ಗೊತ್ತಾಗಬೇಕಲ್ಲ!

ಗೊತ್ತಾದರೂ ಹೇಳುವುದು ಯಾರಿಗೆ? ಇಲ್ಲಿ ಕನ್ಯೆ ನೋಡುವ ವಿಚಾರ ಅಡ್ಡ ಬರುತ್ತದೆ. ಮದುವೆಗೆ ನಿಂತ ಹುಡುಗನಿಗೆ ಬಿಪಿ ಇದೆ ಎಂದರೆ ಬೀಗರು ಹಿಂದೆ ಸರಿದಾರು ಎಂಬ ಭಯ. ಹುಡುಗಿಗೆ ಥೈರಾಯ್ಡ್ ಎಂದರೆ ಮಕ್ಕಳಾಗುವುದಿಲ್ಲ ಎಂಬ ಗುಸುಗುಸು. ಗುಳಿಗೆಯ ಚೀಟಿ ಬಟ್ಟೆಗಳ ನಡುವೆ ಹೋಗುತ್ತದೆ. ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ಗುಳಿಗೆ ನುಂಗುವುದನ್ನು ಯಾರಾದರೂ ನೋಡಿಯಾರು ಎಂದು ಅದನ್ನೇ ಬಿಟ್ಟುಬಿಡುವವರಿದ್ದಾರೆ. ಬಸುರಿದ್ದಾಗ ಸಕ್ಕರೆ ಏರಿ ಹೆರಿಗೆಯ ನಂತರ ಇಳಿದರೆ ‘ಹೋತು ಬಿಡ’ ಎಂದು ಮನೆಮಂದಿ ಮರೆತುಬಿಡುತ್ತಾರೆ. ಅಂಥ ತಾಯಂದಿರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಏಳು ಪಟ್ಟು. ಹೆರಿಗೆಯಾದ ಆರರಿಂದ ಹನ್ನೆರಡು ವಾರಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಬಾಣಂತಿಯ ಆರೈಕೆಯಲ್ಲಿ ಅಂಟಿನುಂಡೆ, ಕೊಬ್ಬರಿ, ಎಣ್ಣೆನೀರು ಎಲ್ಲ ನೆನಪಿರುವ ನಮ್ಮ ಅವ್ವಂದಿರು ಇದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಮದುವೆಯಷ್ಟೇ ದೊಡ್ಡದು ನೌಕರಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ವಿಜಯಪುರಕ್ಕೆ ಬಂದು ಖೋಲಿ ಹಿಡಿಯುವ ಹುಡುಗರ ಸಂಖ್ಯೆ ಸಣ್ಣದಲ್ಲ. ತಿಕೋಟಾದ ದ್ರಾಕ್ಷಿ ತೋಟದ ಮನೆಯಿಂದ, ಬಬಲೇಶ್ವರದ ಕಬ್ಬಿನ ಹೊಲದಿಂದ ಬಂದವರು. ಮನೆಯಲ್ಲಿದ್ದಾಗ ಮುಂಜಾನೆಯಿಂದ ಸಂಜೆತನಕ ಮೈಮುರಿದು ದುಡಿದವರು ಇಲ್ಲಿ ಹತ್ತು ಹನ್ನೆರಡು ತಾಸು ಒಂದೇ ಕುರ್ಚಿಯಲ್ಲಿ ಕೂಡುತ್ತಾರೆ. ವಯಸ್ಸಿನ ಮಿತಿ ಮುಗಿಯುವುದರೊಳಗೆ ಆರ್ಡರ್ ಕೈಗೆ ಬರಬೇಕು. ನಿದ್ದೆ ಐದು ತಾಸು. ಬಿಪಿ ನೋಡಿಸಿಕೊಂಡರೆ, ಅದು ಹೆಚ್ಚಿದ್ದರೆ, ಮುಂದೆ ಮೆಡಿಕಲ್‌ನಲ್ಲಿ ಬಿದ್ದುಹೋದರೆ? ಹೀಗೆ ಯೋಚಿಸಿ ನೋಡಿಸಿಕೊಳ್ಳುವುದನ್ನೇ ಬಿಡುತ್ತಾರೆ. 140/90 ದಾಟಿದ ರಕ್ತದೊತ್ತಡಕ್ಕೆ ಹೆಚ್ಚಾಗಿ ಯಾವ ನೋವೂ ಇರುವುದಿಲ್ಲ. ಸಣ್ಣ ವಯಸ್ಸಿನವರಲ್ಲಿ ಅದು ಮೂತ್ರಪಿಂಡದ ತೊಂದರೆಯಿಂದಲೋ ಹಾರ್ಮೋನಿನ ಏರುಪೇರಿನಿಂದಲೋ ಬಂದಿರಬಹುದು, ಕಾರಣ ಸಿಕ್ಕರೆ ಚಿಕಿತ್ಸೆಯೂ ಸಿಗುತ್ತದೆ. ಹುಡುಕದಿದ್ದರೆ ಅದು ಒಳಗೇ ಕೆಲಸ ಮಾಡುತ್ತಾ ಹೋಗಿ ಒಂದು ದಿನ ಕೈಕಾಲು ಎಳೆಯುತ್ತದೆ, ಮಾತು ತೊದಲುತ್ತದೆ. ಹಾಗಾದಾಗ ಲಕ್ವಾ ಎಂದು ಎಣ್ಣೆ ತಿಕ್ಕಿಸಲು, ಹಳ್ಳಿಯ ಔಷಧಿ ಕೊಡಿಸಲು ಕರೆದೊಯ್ಯುತ್ತಾ ಹೊತ್ತು ಕಳೆಯುವುದನ್ನು ನಮ್ಮ ಭಾಗದಲ್ಲಿ ಇನ್ನೂ ಬಿಟ್ಟಿಲ್ಲ. ಮೆದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಆದ ಲಕ್ವಾ ಆದರೆ ಅದನ್ನು ಕರಗಿಸುವ ಇಂಜೆಕ್ಷನ್‌ಗೆ ಇರುವ ಅವಕಾಶ ನಾಲ್ಕೂವರೆ ತಾಸು. ರಕ್ತನಾಳ ಒಡೆದು ಆದದ್ದೋ ಗಡ್ಡೆ ಕಟ್ಟಿ ಆದದ್ದೋ ಎಂದು ತಿಳಿಯಲು ಸಿಟಿ ಸ್ಕ್ಯಾನ್ ಬೇಕು. ಹಾಗಾಗಿ ನೇರವಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು.

ಭಯದ ಇನ್ನೊಂದು ಮುಖ ಕಂಡದ್ದು 2025ರ ಜೂನ್, ಜುಲೈನಲ್ಲಿ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು, ಅವರಲ್ಲಿ ಹರೆಯದವರೂ ಇದ್ದರು ಎಂಬ ಸುದ್ದಿ ದಿನಾ ಟಿವಿಯಲ್ಲಿ ಬರತೊಡಗಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಹಾಸನ ಎಲ್ಲಿ, ವಿಜಯಪುರ ಎಲ್ಲಿ? ಆದರೂ ನಮ್ಮಲ್ಲಿಯೂ ಚಾದಂಗಡಿಯಲ್ಲಿ ಮಾತೆಲ್ಲ ಅದೇ ಆಗಿತ್ತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಉಳಿದ ಇಪ್ಪತ್ತರಲ್ಲಿ ಅರ್ಧದಷ್ಟು ಖಚಿತವಾದ ಹೃದಯಾಘಾತ, ಇನ್ನರ್ಧ ಹಾಗಿರಬೇಕೆಂಬ ಅಂದಾಜು. ಒಟ್ಟಾರೆ ಸಾವಿನ ಸಂಖ್ಯೆ ಹಿಂದಿನ ವರ್ಷಗಳಿಗಿಂತ ಅಸಹಜವಾಗಿ ಏರಿರಲಿಲ್ಲ, ಕೋವಿಡ್ ಲಸಿಕೆಯ ಪಾತ್ರವೂ ಕಾಣಲಿಲ್ಲ ಎಂದು ಸಮಿತಿ ಹೇಳಿತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು ಎಂಬುದು ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು. ಹೊತ್ತಿಲ್ಲದ ಹೊತ್ತಿನಲ್ಲಿ ಊಟ, ಕುಳಿತಲ್ಲೇ ದುಡಿಮೆ, ಹೊಗೆ, ನಿದ್ದೆಗೇಡು. ನಮ್ಮ ಚೌಕದ ಆಟೊ ಸ್ಟ್ಯಾಂಡಿನವರ ದಿನಚರಿಯೂ ಬೇರೆಯಲ್ಲ.

ಸುದ್ದಿಯಲ್ಲಿ ಉತ್ಪ್ರೇಕ್ಷೆ ಇತ್ತು, ಅಪಾಯ ಮಾತ್ರ ಸುಳ್ಳಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಮಧ್ಯಾಂಕ ವಯಸ್ಸು 53, ಉಳಿದವರಿಗೆ ಹತ್ತಿರಹತ್ತಿರ 59. ಬೇಗ ಬರಲು ಕಾರಣ ನಮ್ಮ ರಕ್ತದಲ್ಲೇ ಬರೆದ ಶಾಪವಲ್ಲ. ಹೊಗೆ, ಕೊಬ್ಬು, ಸಕ್ಕರೆ, ಒತ್ತಡಗಳು ನಮ್ಮವರನ್ನು ಬೇಗ ಹಿಡಿಯುತ್ತಿವೆ ಎಂದೇ ಆ ಅಧ್ಯಯನ ತೋರಿಸಿತು. ಜಯದೇವ ಸಂಸ್ಥೆಯಲ್ಲಿ 2017ರಿಂದ ಸಣ್ಣ ವಯಸ್ಸಿನ ಹೃದ್ರೋಗಿಗಳದ್ದೇ ಒಂದು ದಾಖಲಾತಿ ನಡೆಯುತ್ತಿದೆ. ಅದರಲ್ಲೂ ದೊಡ್ಡ ಅಪರಾಧಿ ತಂಬಾಕೇ. 18ರಿಂದ 45ರ ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಬಿಡಿಸಿ ಹೇಳಿತು: ಮನೆತನದಲ್ಲಿ ಹಠಾತ್ ಸಾವಿನ ಚರಿತ್ರೆ, ಸಾವಿಗೆ ಮುಂಚಿನ 48 ತಾಸಿನಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೈಹಿಕ ಶ್ರಮ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು. ಇವು ಅಪಾಯವನ್ನು ಹೆಚ್ಚಿಸಿದ್ದವು, ಲಸಿಕೆ ಹೆಚ್ಚಿಸಿರಲಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೋದಾಗ ಇಡೀ ನಾಡು ಒಂದು ಪ್ರಶ್ನೆ ಕೇಳಿಕೊಂಡಿತ್ತು: ಅಷ್ಟು ಗಟ್ಟಿಮುಟ್ಟಾದವನಿಗೇ ಹೀಗಾದರೆ ನಮ್ಮ ಗತಿ? ಆ ದುಃಖದಿಂದ ಹುಟ್ಟಿದ ಒಂದು ಒಳ್ಳೆಯ ಕೆಲಸ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಆ ಕ್ಷಣವೇ ಕಳಿಸುತ್ತಾರೆ. ದೊಡ್ಡ ಹೃದಯಾಘಾತ ಎಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮಾರುಕಟ್ಟೆಯಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧ ಅದು. ನಮ್ಮ ಭಾಗದವರಿಗೆ ಇದರ ಮಹತ್ವ ಬೇಗ ತಿಳಿಯಬೇಕು. ದೊಡ್ಡ ಕಾಯಿಲೆ ಎಂದರೆ ಮಿರಜ, ಸೊಲ್ಲಾಪುರ, ಬೆಳಗಾವಿ ದಾರಿ ಹಿಡಿಯುವುದು ನಮ್ಮ ಹಿರಿಯರಿಂದ ಬಂದ ರೂಢಿ. ಎದೆನೋವಿನ ಹೊತ್ತಿನಲ್ಲಿ ಸೊಲ್ಲಾಪುರದ ನೂರು ಕಿಲೋಮೀಟರ್ ಬಹಳ ದೂರ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ, ಬೇಕಿದ್ದರೆ ಇಂಜೆಕ್ಷನ್. ಮುಂದಿನ ಪಯಣ ಆಮೇಲೆ.

ಎಲ್ಲಕ್ಕಿಂತ ಹೆಚ್ಚು ಜೀವ ತಿನ್ನುತ್ತಿರುವ ಮಾತು ‘ಗ್ಯಾಸ್’. ರಾತ್ರಿ ಹನ್ನೊಂದಕ್ಕೆ ಖೋಲಿಯಲ್ಲಿ ಓದುತ್ತಿದ್ದ ಹುಡುಗ ಎದೆ ಹಿಡಿದುಕೊಂಡು ಕೂಡುತ್ತಾನೆ. ‘ಎದಿ ಹಿಡದಂಗ ಆಗ್ಲಾಕತ್ತದೋ’ ಎನ್ನುತ್ತಾನೆ. ಗೆಳೆಯ ಬಾಗಿಲು ತೆಗೆದು ಓಡಿ ಸೋಡಾ ತರುತ್ತಾನೆ, ಇನ್ನೊಬ್ಬ ಜೀರಿಗೆ ಅಗಿಯಲು ಕೊಡುತ್ತಾನೆ. ‘ಸಂಜೀಕ ಮಿರ್ಚಿ ತಿಂದಿದ್ದೆಲ್ಲ, ಅದಕ್ಕ’ ಎಂದು ಮೂವರೂ ಒಪ್ಪಿಕೊಳ್ಳುತ್ತಾರೆ. ಬಹುಪಾಲು ಸಲ ಅದು ನಿಜವಾಗಿಯೂ ಹೊಟ್ಟೆಯ ಉರಿಯೇ, ಪಕ್ಕೆಲುಬಿನ ಸ್ನಾಯುವಿನ ನೋವೇ, ಇಲ್ಲವೇ ಗಾಬರಿಯಿಂದ ಬಂದ ಬಡಿತವೇ ಆಗಿರುತ್ತದೆ. ಬೆರಳಿಟ್ಟು ತೋರಿಸಬಹುದಾದ, ಒತ್ತಿದರೆ ಹೆಚ್ಚಾಗುವ, ಚುಚ್ಚಿದಂತೆ ಬಂದು ಹೋಗುವ ನೋವಿನ ಬಗ್ಗೆ ವೈದ್ಯರು ಕಡಿಮೆ ಚಿಂತೆ ಮಾಡುತ್ತಾರೆ. ಎದೆಯ ನಟ್ಟನಡುವೆ ಭಾರ ಹೇರಿದಂತಾಗಿ, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿದು, ತಣ್ಣನೆಯ ಬೆವರು ಕಿತ್ತು, ಹತ್ತು ಹದಿನೈದು ನಿಮಿಷವಾದರೂ ಇಳಿಯದಿದ್ದರೆ ಸೋಡಾ ಹುಡುಕುವ ಹೊತ್ತು ಅದಲ್ಲ. ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಉಸಿರುಗಟ್ಟುವಿಕೆ, ವಾಕರಿಕೆ, ಕಾರಣವಿಲ್ಲದ ಸುಸ್ತು ಬರಬಹುದು. 108ಕ್ಕೆ ಕರೆ ಮಾಡಬೇಕು. ಸ್ವತಃ ಬೈಕ್ ಓಡಿಸಿಕೊಂಡು ಹೋಗಕೂಡದು. ಒಂದು ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಮನೆಗೆ ಬರುವಂತೆಯೂ ಇಲ್ಲ. ನೋವು ಮುಂದುವರಿದರೆ ಮತ್ತೊಂದು ಇಸಿಜಿ, ಟ್ರೋಪೋನಿನ್ ರಕ್ತಪರೀಕ್ಷೆ ಬೇಕಾಗುತ್ತದೆ.

ಇನ್ನು ಬಾಯಿ. ಇದರ ಬಗ್ಗೆ ಬರೆಯುವಾಗ ನನಗೆ ಹೆಚ್ಚು ಸಂಕಟವಾಗುತ್ತದೆ, ಯಾಕೆಂದರೆ ಇದು ಪೂರ್ತಿ ತಪ್ಪಿಸಬಹುದಾದ ಮುಪ್ಪು. ದಂತವೈದ್ಯರ ಮುಂದೆ ಕುಳಿತ ಇಪ್ಪತ್ಮೂರರ ಹುಡುಗನಿಗೆ ಬಾಯಿ ತೆರೆಯಲು ಹೇಳಿ, ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಲು ಹೇಳುತ್ತಾರೆ. ಅವನಿಗೆ ಎರಡೇ ಬೆರಳು ಹೋಗುತ್ತವೆ. ಕೆಲವರಿಗೆ ಒಂದೇ. ಒಳಗೆ ಕೆನ್ನೆ ಬೆಳ್ಳಗೆ ಬಿಳಿಚಿ, ಮುಟ್ಟಿದರೆ ಹಗ್ಗದಂಥ ಎಳೆಗಳು ಕೈಗೆ ಸಿಗುತ್ತವೆ. ಖಾರ ತಿಂದರೆ ಬೆಂಕಿ. ಅಡಿಕೆ, ಮಾವಾ, ಪಾನ್ ಮಸಾಲ ವರ್ಷಗಟ್ಟಲೆ ಕೆನ್ನೆಯಲ್ಲಿಟ್ಟ ಫಲ. ಈ ಬಿಗಿತ ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲದು. ತಂಬಾಕು ಇಲ್ಲದ ಬರೀ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸಾರಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂದಿನಿಂದ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ, ಎರಡೂ ಅಕ್ಕಪಕ್ಕ ತೂಗಾಡುತ್ತಿವೆ. ರೊಟ್ಟಿ ಸುತ್ತಿ ಬಾಯಿಗಿಡಲಾಗದೆ ಚೂರು ಚೂರು ಮಾಡಿ ಸಾರಿನಲ್ಲಿ ನೆನೆಸಿ ತಿನ್ನುವ ಮಗನನ್ನು ಕಂಡರೆ, ಅವನ ಹಸಿವು ಕಡಿಮೆಯಾಯಿತೆಂದುಕೊಳ್ಳದೆ ಬಾಯಿ ತೆರೆಸಿ ನೋಡಿ.

ಪರೀಕ್ಷೆಗಳೆಲ್ಲ ಸರಿಯಾಗಿ ಬಂದ ಮೇಲೂ ಕೆಲವರಿಗೆ ಭಯ ಹೋಗುವುದಿಲ್ಲ. ಒಮ್ಮೆ ಎದೆ ಡವಗುಟ್ಟಿ ದವಾಖಾನೆಗೆ ಹೋಗಿ ಬಂದವನು ಮುಂದೆ ದಿನಕ್ಕೆ ಹತ್ತು ಸಲ ನಾಡಿ ಹಿಡಿದು ನೋಡಿಕೊಳ್ಳುತ್ತಾನೆ, ರಾತ್ರಿ ಮಲಗಲು ಹೆದರುತ್ತಾನೆ, ಮೊಬೈಲಿನಲ್ಲಿ ಕಾಯಿಲೆಗಳ ಹೆಸರು ಹುಡುಕುತ್ತಾ ಬೆಳಗು ಮಾಡುತ್ತಾನೆ. ‘ಏನೂ ಆಗಿಲ್ಲ, ಎಲ್ಲ ನಿನ್ನ ಮನಸ್ಸಿನ್ಯಾಗ ಅದ’ ಎಂದು ಮನೆಯವರು ಅಂದರೆ ಅವನಿಗೆ ಸಮಾಧಾನವಾಗುವುದಿಲ್ಲ, ಒಂಟಿತನ ಹೆಚ್ಚುತ್ತದೆ. ಆ ಭಯವೂ ಒಂದು ತೊಂದರೆ, ಅದಕ್ಕೂ ಚಿಕಿತ್ಸೆ ಇದೆ. 2022ರಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇನ್ನು ಕೆಲವು ಬದಲಾವಣೆಗಳು ಕಾಯಿಲೆಯೇ ಅಲ್ಲ: ಮೂವತ್ತರ ನಂತರ ಸ್ನಾಯುಬಲ ನಿಧಾನಕ್ಕೆ ತಗ್ಗುವುದು, ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನ ಮೈ ಭಾರವಾಗುವುದು ಎಲ್ಲರಿಗೂ ಆಗುವಂಥದ್ದು. ಅದಕ್ಕೆ ಹೆದರಬೇಕಿಲ್ಲ. ವಾರಕ್ಕೆ ಎರಡು ಮೂರು ದಿನ ಮೈಗೆ ಭಾರ ಕೊಡುವ ವ್ಯಾಯಾಮ ಮಾಡಿದರೆ ಬಲ ಮರಳುತ್ತದೆ. ದೇಶಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ಇದು. ವೃಕ್ಷಥಾನ್ ಓಟಕ್ಕೆ ಮುಂಜಾನೆ ಸಾವಿರಾರು ಮಂದಿ ರಸ್ತೆಗಿಳಿಯುವ ಊರು ಇದು. ಇಲ್ಲಿ ಬಯಲಿಗೂ ದಾರಿಗೂ ಕೊರತೆಯಿಲ್ಲ.

ಕೊರತೆ ಇರುವುದು ಬೇರೆ ಕಡೆ. ಸರ್ಕಾರದ ಅಸಾಂಕ್ರಾಮಿಕ ರೋಗ ತಪಾಸಣೆ 30 ವರ್ಷ ದಾಟಿದವರಿಗೆ. ಮನೆಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆಯೂ 2024ರಲ್ಲಿ ಕೋಲಾರದಲ್ಲಿ ಶುರುವಾದಾಗ ಅದೇ ವಯಸ್ಸನ್ನು ಇಟ್ಟುಕೊಂಡಿತು. ಶಾಲೆ ಮಕ್ಕಳಿಗೆ ಬೇರೆ ತಪಾಸಣೆ ಇದೆ. ನಡುವೆ ಹದಿನೆಂಟರಿಂದ ಮೂವತ್ತರವರೆಗಿನವರು ಬಿಪಿ, ಸಕ್ಕರೆ ತಪಾಸಣೆಯ ಈ ಪಟ್ಟಿಗಳಿಂದ ಹೊರಗೇ ಉಳಿಯುತ್ತಾರೆ. ಅದೇ ಹೊತ್ತಿಗೆ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ತನ್ನ ಮಾರ್ಗಸೂಚಿಯಲ್ಲಿ ಮೊದಲ ಕೊಲೆಸ್ಟರಾಲ್ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು, ಮನೆತನದಲ್ಲಿ ಹೃದ್ರೋಗವಿದ್ದರೆ ಅದಕ್ಕೂ ಮೊದಲೇ ಆಗಬೇಕು ಎಂದಿದೆ. ತಜ್ಞರು ಹೇಳುವ ವಯಸ್ಸಿಗೂ ಸರ್ಕಾರ ನೋಡುವ ವಯಸ್ಸಿಗೂ ಹನ್ನೆರಡು ವರ್ಷಗಳ ಅಂತರ.

ವಿಜಯಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾಸ್ಪತ್ರೆ ಇದೆ, ಸಾವಿರಾರು ಹುಡುಗ ಹುಡುಗಿಯರು ಒಂದೇ ಸೂರಿನಡಿ ಕೂಡುವ ಪದವಿ ಕಾಲೇಜುಗಳು, ಓದುವ ಕೋಣೆಗಳು ಇವೆ. ಪ್ರವೇಶದ ಅರ್ಜಿ ತುಂಬಿಸಿಕೊಳ್ಳುವ ವಾರದಲ್ಲೇ ಒಂದು ಮೇಜು ಹಾಕಿ ಬಿಪಿ, ಸೊಂಟದ ಸುತ್ತಳತೆ, ಸಕ್ಕರೆ ನೋಡಬಹುದು. ಬಂದ ಅಂಕಿಯನ್ನು ಆ ವಿದ್ಯಾರ್ಥಿಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಮಾತು ಕೊಟ್ಟರೆ ಹುಡುಗರು ಬರುತ್ತಾರೆ. ಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ಈ ಭಾನುವಾರ ಊಟಕ್ಕೆ ಕುಳಿತಾಗ ಅಪ್ಪ, ಕಾಕಾ, ಸ್ವಾದರಮಾವ ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಮಕ್ಕಳಿಗೆ ಹೇಳಿ, ಒಂದು ಹಾಳೆಯಲ್ಲಿ ಬರೆದುಕೊಡಿ. ಮಗ ‘ನನಗೂ ಒಂದೀಟು ಎದಿ ಹಿಡದಂಗ ಆಗಿತ್ತವ್ವಾ’ ಎಂದರೆ, ಇಷ್ಟು ಸಣ್ಣ ವಯಸ್ಸಿಗೇ ಎಂದು ಕೇಳಬೇಡಿ. ಯಾವಾಗ ಆಗಿತ್ತು, ಎಷ್ಟು ಹೊತ್ತು ಇತ್ತು ಎಂದು ಕೇಳಿ, ಸೋಮವಾರ ಮುಂಜಾನೆ ಅವನ ಜೊತೆ ದವಾಖಾನೆಗೆ ಹೋಗಿ.